ಹಸು ಕಂದು ಹಾಕಿದ್ದಕ್ಕೆ ನಾವ್ಯಾಕೆ ರಕ್ತ ಕೊಡಬೇಕು?

ಆರು_ಹಸು_ಕೋಲಾರ:
ಹೋದ ತಿಂಗಳು ನಮ್ಮ ಏಳು ತಿಂಗಳ ಗಬ್ಬದ ಸೀಮೆಹಸು ಕಂದು ಹಾಕಿತು, ಅಂದರೆ ಗರ್ಭಪಾತ ಆಯಿತು. ಸತ್ತೆ (ಮಾಸು) ಬೀಳಲಿಲ್ಲ, ನಾನೇ ಬರಿಗೈಯಲ್ಲಿ ಎಳೆದು ತೆಗೆದೆ. ಹಸುವಿನ ರಕ್ತದಲ್ಲಿ ಬ್ರುಸೆಲ್ಲಾ ಪಾಸಿಟಿವ್ ಬಂದಿದೆ, ದನಕುರಿಯಿಂದ ಮನುಷ್ಯರಿಗೂ ಹರಡೋ ರೋಗಾಣುವಂತೆ. ಈಗ ಪಶು ಡಾಕ್ಟರು ಮನೆಯವರೆಲ್ಲ ಪರೀಕ್ಷೆಗೆ ರಕ್ತ ಕೊಡಿ ಅಂತಿದ್ದಾರೆ. ನಾನು ಆರಾಮಾಗೇ ಇದ್ದೇನೆ, ಹೆಂಡತಿಗೆ ಮಾತ್ರ ಸಂಜೆಯಾದರೆ ಮೈ ಬಿಸಿ, ಸೊಂಟ ನೋವು. ಸುಮ್ನೆ ದುಡ್ಡು ದಂಡ ಅಲ್ವಾ? ಊರಿಗೆ ಗೊತ್ತಾದರೆ ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುತ್ತಾರೋ ಇಲ್ವೋ ಅನ್ನೋ ಭಯ ಬೇರೆ.

ಕುರಿಮಂದೆ:
ಅಣ್ಣಾ, ನಿಮ್ಮ ಮನೆಯವರನ್ನ ಮೊದಲು ಕರ್ಕೊಂಡು ಹೋಗಿ. ನನಗೂ ಹೀಗೇ ಆಗಿತ್ತು. ರಾತ್ರಿ ಬೆವರಿ ಬನಿಯನ್ ಹಿಂಡುವ ಹಾಗಾಗುತ್ತಿತ್ತು, ಬೆಳಗ್ಗೆ ಏನೂ ಇಲ್ಲ. ಟೈಫಾಯ್ಡ್ ಅಂತ ಎರಡು ತಿಂಗಳು ಮಾತ್ರೆ ನುಂಗಿದೆ. ಕುರಿ ಸಾಕಿದ್ದೀಯಾ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀವಾಗೇ ಹೇಳಿ.

ಲ್ಯಾಬ್_ಕೆಲಸ:
ಪರೀಕ್ಷೆ ದೊಡ್ಡದೇನಲ್ಲ. ರಕ್ತದ ಸೀರಮ್ ಒಂದು ಹನಿ, ಗುಲಾಬಿ ಬಣ್ಣದ ರೋಸ್ ಬೆಂಗಾಲ್ ದ್ರಾವಣ ಒಂದು ಹನಿ, ಎರಡನ್ನೂ ಕಲಸಿ ನಾಲ್ಕು ನಿಮಿಷ ಅಲ್ಲಾಡಿಸಿದರೆ ಒಡೆದ ಹಾಲಿನ ಹಾಗೆ ಕಾಳುಕಾಳಾಗುತ್ತೆ, ಅದೇ ಪಾಸಿಟಿವ್. ಆದರೆ ಅಷ್ಟಕ್ಕೇ ಕಾಯಿಲೆ ಅನ್ನೋಕಾಗಲ್ಲ. ಹಿಂದೆ ಯಾವಾಗಲೋ ಸೋಂಕು ತಗುಲಿದ್ದರೂ ಹಾಗೆ ಬರಬಹುದು. ಟ್ಯೂಬ್ ಟೆಸ್ಟ್ ಇಲ್ಲವೇ ಎಲಿಸಾ ಅನ್ನೋ ಇನ್ನೊಂದು ರಕ್ತಪರೀಕ್ಷೆ ಮಾಡಿ, ಜ್ವರ ನೋವು ಎಲ್ಲಾ ನೋಡಿ ಡಾಕ್ಟರು ಹೇಳಬೇಕು. ನಿಮಗೆ ಈಗ ನೆಗೆಟಿವ್ ಬಂದರೂ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಯಾಕಂದ್ರೆ ಈ ಜ್ವರ ಕೆಲವರಲ್ಲಿ ತಿಂಗಳುಗಟ್ಟಲೆ ತಡವಾಗಿ ಕಾಣಿಸಿಕೊಳ್ಳುತ್ತೆ.

ಕುರಿಮಂದೆ:
ನನಗೆ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡೂ ಸೇರಿಸಿ ಆರು ವಾರ ಕೊಟ್ಟರು. ರಿಫಾಂಪಿಸಿನ್‌ಗೆ ಮೂತ್ರ ಕೆಂಪಗಾಗುತ್ತೆ, ಹೆದರಬೇಡಿ. ಹತ್ತು ದಿನಕ್ಕೇ ಜ್ವರ ಬಿಡ್ತು ಅಂತ ಮಾತ್ರೆ ಬಿಟ್ಟರೆ ಮತ್ತೆ ಬರುತ್ತಂತೆ. ನಿಮ್ಮ ಮನೆಯವರು ಬಸುರಿಯಾಗಿದ್ದರೆ ಮೊದಲೇ ಹೇಳಿ, ಔಷಧಿ ಬೇರೆ ಇರುತ್ತೆ.

ಪಶುವೈದ್ಯ_ಹಳ್ಳಿ:
ಡೇರಿ ಭಯಕ್ಕೆ ಮುಚ್ಚಿಟ್ಟರೆ ಪಕ್ಕದ ಕೊಟ್ಟಿಗೆಗೂ ಹೋಗುತ್ತೆ. ಹಾಲು ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತೆ, ಆದರೆ ಆ ಹಸುವಿನ ಹಾಲನ್ನು ಡೇರಿಗೆ ಹಾಕೋ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಹಸುವನ್ನು ಬೇರೆ ಕಟ್ಟಿ, ಗುಟ್ಟಾಗಿ ಸಂತೆಗೆ ಹೊಡೀಬೇಡಿ. 4ರಿಂದ 8 ತಿಂಗಳ ಹೆಣ್ಣು ಕರು ಇದ್ದರೆ ಲಸಿಕೆ ಹಾಕಿಸಿ, ಜೀವನಕ್ಕೆ ಒಂದೇ ಸಲ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಅದು ಉಚಿತ. ಅಂದಹಾಗೆ ಆ ಸತ್ತೆ, ಕಂದು ಏನು ಮಾಡಿದ್ರಿ? ಸುಣ್ಣ ಹಾಕಿ ಆಳವಾಗಿ ಹೂಳಬೇಕಿತ್ತು.

ಆರು_ಹಸು_ಕೋಲಾರ:
ಬೆಳಗಿನ ಹಾಲು ಕರೆದು ಇಬ್ಬರೂ ಆಸ್ಪತ್ರೆಗೆ ಹೋಗುತ್ತೇವೆ ಸಾರ್. ಕಂದು ಹೂತಿದ್ದೆ. ಸತ್ತೆ ಮಾತ್ರ ತಿಪ್ಪೆಗೆ ಎಸೆದಿದ್ದೆ, ಬೀದಿನಾಯಿ ಎಳೆದುಕೊಂಡು ಹೋಯಿತು.