ಬಿಸಿಲಲ್ಲಿ ಎಫ್/2.8, ಜೊತೆಗೆ ಫ್ಲ್ಯಾಶ್: ನಿಮ್ಮ ಅನುಭವ ಹೇಳಿ

ಹೊಸಕಣ್ಣು: ಮಟಮಟ ಮಧ್ಯಾಹ್ನ ಎಫ್/2.8ರಲ್ಲಿ, ಅಂದರೆ ಲೆನ್ಸ್ ಅಗಲಕ್ಕೆ ತೆರೆದು, ಪೋರ್ಟ್ರೇಟ್ ತೆಗೆಯಬೇಕು. ಐಎಸ್‌ಒ (ಸೆನ್ಸರ್‌ನ ಬೆಳಕಿನ ಸಂವೇದನೆ) 100ಕ್ಕೇ ಶಟರ್ 1/3200 ಸೆಕೆಂಡ್ ಕೇಳುತ್ತದೆ. ನನ್ನ ಕ್ಯಾಮೆರಾ ಸಿಂಕ್, ಅಂದರೆ ಮಾಮೂಲಿ ಫ್ಲ್ಯಾಶ್ ಜೊತೆ ಹೊಂದುವ ಅತಿ ವೇಗದ ಶಟರ್, 1/200. ಸಿಂಕ್ ಮೀರಿದ ವೇಗದಲ್ಲೂ ಕೆಲಸ ಮಾಡುವ ಎಚ್‌ಎಸ್‌ಎಸ್ ಫ್ಲ್ಯಾಶ್ ಕೊಳ್ಳಲಾ, ಲೆನ್ಸ್‌ಗೆ ಬರುವ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಸಾಕಾ?

ಅರೆನೆರಳು: ಎಚ್‌ಎಸ್‌ಎಸ್ ನಂಬಿ ಅಕ್ಕನ ಮದುವೆಯ ಫೋಟೊಗಳನ್ನೇ ಕಳೆದುಕೊಂಡೆ. 1/4000ರಲ್ಲಿ ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗೆ ಮಾಡುವ ಬಟ್ಟೆಯ ಪೆಟ್ಟಿಗೆ) ಹಾಕಿದರೆ ಮೂರು ಹೆಜ್ಜೆ ದೂರಕ್ಕೂ ಬೆಳಕು ಮುಟ್ಟಲಿಲ್ಲ. ಸಾಫ್ಟ್‌ಬಾಕ್ಸ್ ಕಿತ್ತೆ, ಮುಖದ ಮೇಲೆ ಗಡುಸು ನೆರಳು. ಪೂರ್ತಿ ಪವರ್‌ನಲ್ಲಿ ಒತ್ತುತ್ತಾ ಹೋದೆ. ಹದಿನೇಳನೇ ಶಾಟ್‌ಗೆ ಫ್ಲ್ಯಾಶ್ ಬಿಸಿಯಾಗಿ ನಿಂತೇ ಹೋಯಿತು. ಎರಡು ಸೆಟ್ ಸೆಲ್ ಖಾಲಿ. ಅಕ್ಕ ಇವತ್ತಿಗೂ ಕೇಳುತ್ತಾಳೆ. ಎನ್‌ಡಿ ತಗೊಳ್ಳಿ.

ಕಪ್ಪುಗಾಜು: ನಾನು ನಾಲ್ಕು ಸ್ಟಾಪ್ ಎನ್‌ಡಿಯಲ್ಲೇ ಮಾಡುತ್ತೇನೆ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ). 1/200, ಎಫ್/2.8, ಮುಗೀತು. ಆದರೆ ಮೊದಲ ಫಿಲ್ಟರ್ ಚರ್ಮಕ್ಕೆ ನೇರಳೆ ಛಾಯೆ ಕೊಟ್ಟಿತು, ಬಿಸಾಡಿದೆ. ಡಿಎಸ್‌ಎಲ್‌ಆರ್ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಕತ್ತಲಾಗಿ ಒಂದು ಇಡೀ ದಿನ ಅರ್ಧಕ್ಕರ್ಧ ಫೋಕಸ್ ತಪ್ಪಿತ್ತು. ಈಗ ಫೋಕಸ್ ಮಾಡಿ, ಆಮೇಲೆ ಫಿಲ್ಟರ್ ತಿರುಗಿಸುತ್ತೇನೆ.

ತಂತಿಬೆಳಕು: ಎನ್‌ಡಿ ಫ್ಲ್ಯಾಶ್ ಬೆಳಕನ್ನೂ ನಾಲ್ಕು ಸ್ಟಾಪ್ ತಿನ್ನುತ್ತದೆ, ಅದನ್ನ್ಯಾಕೆ ಹೇಳಲ್ಲ?

ಕಪ್ಪುಗಾಜು: ತಿನ್ನಲಿ! ಎಚ್‌ಎಸ್‌ಎಸ್‌ನಲ್ಲಿ ಶಟರ್ ಒಂದು ಸ್ಟಾಪ್ ಏರಿದರೆ ಫ್ಲ್ಯಾಶೂ ಒಂದು ಸ್ಟಾಪ್ ಇಳಿಯುತ್ತದೆ. ಅದೂ ಆ ಮೋಡ್‌ಗೆ ಹೋದ ಕೂಡಲೇ ಕಳೆದುಕೊಂಡದ್ದರ ಮೇಲೆ. ಲೆಕ್ಕ ಹಾಕಿ ಮಾತಾಡಿ.

ತಂತಿಬೆಳಕು: ನಾನು ಲೀಫ್ ಶಟರ್‌ನವನು, ಅಂದರೆ ಲೆನ್ಸ್ ಒಳಗೇ ಇರುವ ಶಟರ್. 1/1000ರಲ್ಲೂ ಪೂರ್ತಿ ಫ್ಲ್ಯಾಶ್ ಸಿಗುತ್ತದೆ, ಉಳಿದದ್ದಕ್ಕೆ ಎರಡು ಸ್ಟಾಪ್ ಎನ್‌ಡಿ. ಮೂರು ತಿಂಗಳು ಮಾತ್ರ ನರಳಿದೆ. ರೇಡಿಯೊ ಟ್ರಿಗರ್ ತಡವಾಗಿ ಹೊಡೆಯುತ್ತಿತ್ತು, ನೂರಾರು ಫ್ರೇಮ್ ಕಪ್ಪು. ಕೇಬಲ್ ಹಾಕಿದ ಮೇಲೆ ಸರಿಹೋಯಿತು. ದೊಡ್ಡ ಸ್ಟ್ರೋಬ್ (ಸ್ಟುಡಿಯೊ ಫ್ಲ್ಯಾಶ್) ಪೂರ್ತಿ ಪವರ್‌ನಲ್ಲಿ ನಿಧಾನಕ್ಕೆ ಆರುತ್ತದೆ, ಅದರ ಬಾಲವನ್ನು ಶಟರ್ ಕತ್ತರಿಸುತ್ತದೆ. ಅರ್ಧ ಪವರ್‌ಗೆ ಇಳಿಸಿದೆ.

ಹಳೇಸೀಸೀಡಿ: 2004ರ ನಿಕಾನ್ ಡಿ70ರಲ್ಲೇ 1/500 ಸಿಂಕ್ ಇತ್ತು. ನನ್ನದು ಇನ್ನೂ ಕೆಲಸ ಮಾಡುತ್ತಿದೆ. ನಿಮಗೆ ಇಷ್ಟು ಗೋಳು ಯಾಕೆ?

ಅರೆನೆರಳು: ಅದರ ಕನಿಷ್ಠ ಐಎಸ್‌ಒ 200. ಗಳಿಸಿದ್ದರಲ್ಲಿ ಒಂದು ಸ್ಟಾಪ್ ಅಲ್ಲೇ ಹೋಯಿತು. 1/500ರಲ್ಲಿ ಬಿಸಿಲಿಗೆ ಎಫ್/10 ಬೇಕು. ಅವರು ಕೇಳಿದ್ದು ಎಫ್/2.8.

ಹಳೇಸೀಸೀಡಿ: ಅಕ್ಕನ ಮದುವೆಗೆ ಮೊದಲು ಒಂದು ಸಲ ಬಿಸಿಲಿಗೆ ಹೋಗಿ ಪರೀಕ್ಷಿಸಿದ್ದಿರಾ?

ಅರೆನೆರಳು: ಪರೀಕ್ಷಿಸಿದ್ದೆ. ಸಂಜೆ ಐದಕ್ಕೆ.

ಹೊಸಕಣ್ಣು: ನನ್ನದು ಮಿರರ್‌ಲೆಸ್, ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ. ಎನ್‌ಡಿ ಹಾಕಿದರೂ ಫೋಕಸ್ ತಪ್ಪುತ್ತದಾ?

ತಂತಿಬೆಳಕು: ಕಪ್ಪುಗಾಜು ಅವರೇ, ಲೆಕ್ಕ ಹಾಕಿದೆ. ಲೀಫ್ ಶಟರೇ ಮುಂದೆ.