ಬಯೋಗ್ಯಾಸ್ ಟ್ಯಾಂಕಿನ ಒಳಗೋಡೆ ಉದುರ್ತಿದೆ, ನೇರವಾಗಿ ಎಪಾಕ್ಸಿ ಕೋಟಿಂಗ್ ಹೊಡೆಸಬಹುದಾ?

ಪ್ರಶ್ನೆ (ಹರಿಹರ): ಡೈಜೆಸ್ಟರ್ (ಬಯೋಗ್ಯಾಸ್ ಟ್ಯಾಂಕ್) ಖಾಲಿ ಮಾಡಿಸಿದ್ದೀವಿ. ಸ್ಲರಿ ಮಟ್ಟದ ಕೆಳಗೆ ಗೋಡೆ ಗಟ್ಟಿ ಇದೆ. ಮೇಲೆ, ಗ್ಯಾಸ್ ನಿಲ್ಲೋ ಕಡೆ, ಬೆರಳಲ್ಲಿ ಕೆರೆದ್ರೆ ಬಿಳಿ ಮೆತ್ತನೆ ಪದರ ಬರುತ್ತೆ, ಜಲ್ಲಿ ಕಾಣ್ತಿದೆ.

ಉತ್ತರ 1: ಬೇಡ, ಕಿತ್ಕೊಂಡು ಬರುತ್ತೆ. ಆ ಬಿಳಿ ಪದರ ಜಿಪ್ಸಂ. ಬಯೋಗ್ಯಾಸ್‌ನಲ್ಲಿರೋ ಹೈಡ್ರೋಜನ್ ಸಲ್ಫೈಡನ್ನ ಬ್ಯಾಕ್ಟೀರಿಯಾ ಸಲ್ಫ್ಯೂರಿಕ್ ಆಸಿಡ್ ಮಾಡ್ತವೆ, ಆ ಆಸಿಡ್ ಕಾಂಕ್ರೀಟನ್ನ ಜಿಪ್ಸಂ ಮಾಡುತ್ತೆ. ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕು, ಹಾಗಾಗಿ ಸ್ಲರಿಯೊಳಗೆ ಗೋಡೆ ಉಳಿದಿದೆ. ಗ್ಯಾಸಲ್ಲಿ ಸಲ್ಫರ್ ಇಳಿಸೋಕೆ ಟ್ಯಾಂಕಿಗೆ ಗಾಳಿ ಬಿಡ್ತಿದ್ರೆ ಮೇಲ್ಭಾಗ ಇನ್ನೂ ಬೇಗ ಹೋಗುತ್ತೆ. ಹೈಪ್ರೆಶರ್ ಜೆಟ್‌ನಲ್ಲಿ ಗಟ್ಟಿ ಕಾಂಕ್ರೀಟ್ ಸಿಗೋವರೆಗೆ ತೆಗೆಸಿ, ಫಿನಾಲ್ಫ್ತಲೀನ್ (ಆಸಿಡ್ ತಾಗದ ಗಟ್ಟಿ ಕಾಂಕ್ರೀಟ್ ಮೇಲೆ ಗುಲಾಬಿ ಆಗೋ ದ್ರಾವಣ) ಸಿಂಪಡಿಸಿ. ಗುಲಾಬಿ ಬಣ್ಣ ಬಾರದ ಕಡೆ ಇನ್ನೂ ತೆಗೀಬೇಕು. ಆಮೇಲೆ ರಿಪೇರಿ ಮಾರ್ಟರ್, ಅದು ಕ್ಯೂರ್ ಆದ್ಮೇಲೆ ಕೋಟಿಂಗ್. ಸ್ಲರಿ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗಿನವರೆಗೂ ಇಳಿಸಿ.

ಉತ್ತರ 2 (ಹಿರಿಯೂರು): ತೇವ ನೋಡಿ. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಅಂಚಿಗೆ ಟೇಪ್ ಹಾಕಿ 16 ಗಂಟೆ ಬಿಡಿ. ಒಳಗೆ ಹನಿ ಕಟ್ಟಿದ್ರೆ ಕಾಯಿರಿ. ಪ್ರೈಮರ್ ಸಂಜೆ ಹಾಕ್ಸಿ. ನಮ್ಮ ಕಡೆ ಬಿಸಿಲಿಗೆ ಬೆಳಿಗ್ಗೆ ಹೊಡೆದ್ರೆ ಕಾಂಕ್ರೀಟಿನೊಳಗಿನ ಗಾಳಿ ಹಿಗ್ಗಿ ಕೋಟಿಂಗ್‌ನಲ್ಲಿ ಪಿನ್‌ಹೋಲ್ (ಸೂಜಿಮೊನೆಯಷ್ಟು ತೂತು) ಬೀಳುತ್ತೆ, ಆಸಿಡ್ ಅಲ್ಲಿಂದಲೇ ನುಗ್ಗೋದು. ಕೊನೆಗೆ ಸ್ಪಾರ್ಕ್ ಟೆಸ್ಟ್ (ವಿದ್ಯುತ್ ಕಿಡಿಯಿಂದ ಇಂಥ ತೂತು ಹುಡುಕೋದು) ಬಿಡಬೇಡಿ, ಕಂಟ್ರಾಕ್ಟರ್ ಎಷ್ಟೇ ಗೊಣಗಲಿ.

ಉತ್ತರ 3: ಜೆಟ್ ಹೊಡೆಯುವಾಗ ತಳದ ಕೆಸರು ಕಲಕಿ ಮತ್ತೆ ಗ್ಯಾಸ್ ಏಳುತ್ತೆ. ಬ್ಲೋವರ್ ನಿಲ್ಲಿಸಬೇಡಿ, ಗ್ಯಾಸ್ ಅಳೆಯೋ ಮೀಟರ್ ಒಳಗೇ ಇರಲಿ. ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 100 ಭಾಗ) ದಾಟಿದ್ರೆ ಮೂಗಿಗೆ ವಾಸನೆಯೇ ತಿಳಿಯಲ್ಲ.