ಅವ್ವನ ಜೊತೆ ಸಾಲ್ಜ್‌ಬರ್ಗ್: ಎಷ್ಟು ದಿನ ಬೇಕು, ಸಂಗೀತ ಎಲ್ಲಿ ಕೇಳಬೇಕು?

ಸ್ವರಸಂಜೆ, ಕಲಬುರಗಿ:
ಎಲ್ಲರಿಗೂ ನಮಸ್ಕಾರ್ರಿ. ಬರುವ ಮೇ ತಿಂಗಳಲ್ಲಿ ಅವ್ವನನ್ನು ಆಸ್ಟ್ರಿಯಾಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವ್ವ ಚಿಕ್ಕಂದಿನಿಂದ ಹಿಂದೂಸ್ತಾನಿ ಕಲಿತವಳು, ಈಗಲೂ ಬೆಳಗ್ಗೆ ತಂಬೂರಿ ಹಿಡಿದು ಕೂರುತ್ತಾಳೆ. ಪಾಶ್ಚಾತ್ಯ ಸಂಗೀತ ರಚನೆಕಾರ ಮೊಜಾರ್ಟ್ ಹುಟ್ಟಿದ ಊರು ಸಾಲ್ಜ್‌ಬರ್ಗ್ ನೋಡಬೇಕು ಅಂತ ಆಕೆಗೆ ಬಹಳ ದಿನದ ಆಸೆ. ನನ್ನ ಪ್ರಶ್ನೆ ಇಷ್ಟು. ವಿಯೆನ್ನಾದಲ್ಲೇ ಉಳಿದು ಸಾಲ್ಜ್‌ಬರ್ಗಿಗೆ ಒಂದು ದಿನ ಹೋಗಿ ಬಂದರೆ ಸಾಕಾ, ಅಥವಾ ಅಲ್ಲೇ ಇರಬೇಕಾ? ಆಕೆಗೆ ಮಂಡಿನೋವು ಇದೆ, ಮೆಟ್ಟಿಲು ಜಾಸ್ತಿ ಆಗಲ್ಲ. ಮತ್ತೆ ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ. ಹೈದರಾಬಾದಿನಿಂದ ಹೊರಡುತ್ತೇವೆ. ಹೋಗಿ ಬಂದವರು ಹೇಳ್ರಿ.

ಶಹಾಪುರದವ, ಯಾದಗಿರಿ:
ಅಕ್ಕಾ, ನಾನಾದರೆ ವಿಯೆನ್ನಾ ಅಂತೀನಿ. ಅಲ್ಲಿನ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಸಿಗುತ್ತೆ, ಕೂರುವ ಸೀಟಿಗಿಂತ ಎಷ್ಟೋ ಅಗ್ಗ. ಸೆಪ್ಟೆಂಬರಿನಿಂದ ಜೂನ್ ತನಕ ಸೀಸನ್, ಅಂದರೆ ಮೇನಲ್ಲಿ ಪೂರ್ತಿ ನಡೆಯುತ್ತಿರುತ್ತೆ. ಸಾಲ್ಜ್‌ಬರ್ಗ್ ರೈಲಿನಲ್ಲಿ ಎರಡೂವರೆ ತಾಸು, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು.

ಕೋಟೆ ಹಿಂದಿನ ಓಣಿ, ಬೀದರ್:
ತಮ್ಮಾ, ಮಂಡಿನೋವು ಇರುವವರಿಗೆ ಮೂರು ತಾಸು ನಿಲ್ಲು ಅಂತ ಹೇಳೋದು ಸರಿಯಲ್ಲ. ಒಂದು ದಿನಕ್ಕೆ ಹೋಗಿ ಬರೋದೂ ನನಗೆ ಒಪ್ಪಿಗೆಯಿಲ್ಲ. ಹಗಲು ಹೊತ್ತು ಸಾಲ್ಜ್‌ಬರ್ಗಿನ ಓಣಿಗಳಲ್ಲಿ ಪ್ರವಾಸಿಗರ ಗುಂಪೇ ಗುಂಪು, ಸಂಜೆ ಬಸ್ಸುಗಳು ಹೊರಟ ಮೇಲೆ ಊರು ಉಸಿರಾಡುತ್ತೆ. ಮೂರು ರಾತ್ರಿ ಇರ್ರಿ, ಅದರಲ್ಲಿ ಒಂದು ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಯಾಕೆ ಅಂತ ಹೇಳ್ತೀನಿ.

ಭಾನುವಾರ ಬೆಳಗ್ಗೆ ಅಲ್ಲಿನ ದೊಡ್ಡ ಕ್ಯಾಥೆಡ್ರಲ್‌ನಲ್ಲಿ ಪೂಜೆ ನಡೆಯುತ್ತೆ, ಮಾಸ್ ಅಂತಾರೆ. ಎಷ್ಟೋ ಭಾನುವಾರ ಅದನ್ನು ಗಾಯಕವೃಂದ, ವಾದ್ಯವೃಂದ ಇಟ್ಟುಕೊಂಡು ಮೊಜಾರ್ಟ್ ಅಥವಾ ಹೈಡನ್ ಬರೆದ ಸಂಗೀತದಲ್ಲೇ ನಡೆಸುತ್ತಾರೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಯಾವ ವಾರ ಏನು ಹಾಡುತ್ತಾರೆ ಅಂತ ಕ್ಯಾಥೆಡ್ರಲ್‌ನ ವೆಬ್‌ಸೈಟ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಈ ಕಟ್ಟಡ 1628ರಲ್ಲಿ ಮುಗಿದದ್ದು, ಇಟಲಿ ಕಡೆಯ ಸಾಂಟಿನೋ ಸೊಲಾರಿ ಕಟ್ಟಿದ್ದು. ಮೊಜಾರ್ಟ್‌ಗೆ ಹೆಸರಿಟ್ಟಿದ್ದು ಇಲ್ಲೇ, 1779ರಿಂದ ಇಲ್ಲಿ ಆರ್ಗನ್ ನುಡಿಸುವ ಕೆಲಸಕ್ಕಿದ್ದವನೂ ಅವನೇ. ಆಗಿನ ಆರ್ಚ್‌ಬಿಷಪ್ ಕೊಲೊರೆಡೊಗೆ ಉದ್ದನೆಯ ಪೂಜೆ ಇಷ್ಟ ಇರಲಿಲ್ಲ, ಎಷ್ಟೇ ದೊಡ್ಡ ಹಬ್ಬವಾದರೂ ಮುಕ್ಕಾಲು ತಾಸಿನಲ್ಲಿ ಎಲ್ಲ ಮುಗಿಯಬೇಕಿತ್ತು ಅಂತ ಮೊಜಾರ್ಟ್ 1776ರ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಹಾಗಾಗಿ ಅವನ ಸಾಲ್ಜ್‌ಬರ್ಗ್ ಮಾಸ್‌ಗಳು, ಅಂದರೆ ಆ ಪೂಜೆಗೆ ಅಂತ ಬರೆದ ಕೃತಿಗಳು, ಚಿಕ್ಕವು, ಬಿಗಿಯಾದವು. ಒಂದು ರಾಗವನ್ನು ತಾಸುಗಟ್ಟಲೆ ಬೆಳೆಸಿ ರೂಢಿ ಇರುವ ನಿಮ್ಮ ತಾಯಿಯವರಿಗೆ ಈ ವಿಷಯ ಗೊತ್ತಿದ್ದು ಕೇಳಿದರೆ ಬೇರೆಯದೇ ರುಚಿ. ಆ ಗುಮ್ಮಟದ ಕೆಳಗೆ ದನಿ ಮೇಲೆ ಹೋಗಿ ನಿಧಾನ ಇಳಿಯುತ್ತೆ, ಆ ಜಾಗಕ್ಕೆ ಅಂತಲೇ ಬರೆದ ಸಂಗೀತ ಅದು. ಬಣ್ಣಬಣ್ಣದ ವಿಗ್ ಹಾಕಿಕೊಂಡು ಊಟದ ಜೊತೆ ನುಡಿಸುವ ಕಾರ್ಯಕ್ರಮಗಳ ಟಿಕೆಟ್ ಬೀದಿಯಲ್ಲೇ ಮಾರುತ್ತಾರೆ, ಅದಕ್ಕೆ ದುಡ್ಡು ಹಾಕುವ ಮುಂಚೆ ಇದನ್ನು ಕೇಳಿ.

ಇನ್ನೊಂದು ಮಾತು ತಾಯಿಯವರಿಗೆ ಮೊದಲೇ ಹೇಳಿಡಿ. ನಮ್ಮ ಕಚೇರಿಯಲ್ಲಿ ಒಳ್ಳೆ ಜಾಗ ಬಂದಾಗ ಕೂತಲ್ಲೇ ವಾಹ್ ಅಂತೀವಿ, ಅಲ್ಲಿ ಪೂರ್ತಿ ಮೌನ. ಕೃತಿಯ ಭಾಗಗಳ ನಡುವೆ ಚಪ್ಪಾಳೆನೂ ತಟ್ಟಲ್ಲ, ಎಲ್ಲ ಮುಗಿದ ಮೇಲೆಯೇ.

ಗುಮ್ಮಟ ಈಗ ಕಾಣೋದು ಹಳೆಯದಲ್ಲ. 1944ರ ಬಾಂಬ್ ದಾಳಿಯಲ್ಲಿ ಬಿದ್ದು, 1959ರಲ್ಲಿ ಕ್ಯಾಥೆಡ್ರಲ್ ಮತ್ತೆ ತೆರೆಯಿತು. ನಮ್ಮಲ್ಲಿ ಗವಾನ್ ಮದರಸಾದ ಒಂದು ಬದಿ ಸಿಡಿಮದ್ದಿನ ಸ್ಫೋಟದಲ್ಲಿ ಹೋಗಿದ್ದು ಇವತ್ತಿಗೂ ಹಾಗೇ ಇದೆ, ಅವರು ತಮ್ಮದನ್ನು ಮತ್ತೆ ಕಟ್ಟಿದರು. ಅಲ್ಲಿ ನಿಂತಾಗ ಇದು ನನಗೆ ಬಹಳ ಕಾಡಿತು.

ಶಹಾಪುರದವ, ಯಾದಗಿರಿ:
ನಿಜ ಅಣ್ಣಾ, ಮಂಡಿ ವಿಷಯ ಓದಿದ್ದರೂ ಲಕ್ಷ್ಯ ಕೊಡಲಿಲ್ಲ. ಹಾಗಾದರೆ ಮೇಲಿನ ಕೋಟೆ ಹತ್ತೋದು ಹೆಂಗ?

ಕೋಟೆ ಹಿಂದಿನ ಓಣಿ, ಬೀದರ್:
ಹೋಹೆನ್‌ಸಾಲ್ಜ್‌ಬರ್ಗ್ ಕೋಟೆಗೆ ಹಗ್ಗದ ರೈಲು ಇದೆ, 1892ರಿಂದ ಓಡ್ತಿದೆ, ಮೇಲೆ ಬಿಡುತ್ತೆ. ಒಳಗೆ ಮಾತ್ರ ಕಲ್ಲುಹಾಸು, ಏರು, ನಿಧಾನ ನಡೀಬೇಕು. ಗೆಟ್ರೈಡೆಗಾಸ್ಸೆಯ 9ನೇ ನಂಬರ್ ಮನೆಯಲ್ಲಿ ಮೊಜಾರ್ಟ್ 1756ರಲ್ಲಿ ಹುಟ್ಟಿದ್ದು. ಅವರ ಕುಟುಂಬ ಇದ್ದದ್ದು ಮೂರನೇ ಮಹಡಿ, ಅವನು ಚಿಕ್ಕವನಿದ್ದಾಗ ನುಡಿಸಿದ ಪಿಟೀಲು ಅಲ್ಲಿದೆ. ಹೋಗುವ ಮುಂಚೆ ಲಿಫ್ಟ್ ಬಗ್ಗೆ ಮೇಲ್ ಮಾಡಿ ಕೇಳಿ. ಮಿರಾಬೆಲ್ ತೋಟ ಸಪಾಟು ನೆಲ, ಟಿಕೆಟ್ ಇಲ್ಲ, ಬೆಂಚ್ ಮೇಲೆ ಕೂತರೆ ದೂರದಲ್ಲಿ ಕೋಟೆ ಪೂರ್ತಿ ಕಾಣುತ್ತೆ. ತಾಯಿಯವರಿಗೆ ಇದೇ ಹಿಡಿಸಬಹುದು.

ಗಂಜ್ ಅಕ್ಕ, ಕಲಬುರಗಿ:
ತಂಗಿ, ಊಟದ ಬಗ್ಗೆ ನಾ ಹೇಳ್ತೀನಿ. ಸೂಪ್ ತೊಗೊಳ್ಳುವಾಗ ಜ್ವಾಕಿ, ನೋಡಲಿಕ್ಕೆ ತರಕಾರಿ ಇದ್ದರೂ ತಳದಲ್ಲಿ ದನದ ಎಲುಬಿನ ಸಾರು ಇರುತ್ತೆ. ಕೆಸೆಶ್ಪೆಟ್ಸ್ಲೆ ಅಂತ ಚೀಸ್ ತಿನಿಸು ಎಲ್ಲ ಕಡೆ ಸಿಗುತ್ತೆ, ಆದರೆ ಅದರ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ನಿಮಗೆ ಆಗಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ತುಪ್ಪ, ಪೇಢಾ ಬೇಡ, ಹಾಲಿನ ಪದಾರ್ಥ ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ಒಯ್ಯಲಿಕ್ಕೆ ಬಿಡಲ್ಲ. ಅಡುಗೆಮನೆ ಇರುವ ರೂಮ್ ಹಿಡಿದರೆ ಛಲೋ. ಭಾನುವಾರ ಅಂಗಡಿ ಬಹುತೇಕ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಿ. ನಲ್ಲಿ ನೀರು ಸೀದಾ ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ. ಛತ್ರಿ ಮಾತ್ರ ಮರೀಬೇಡಿ, ಆ ಊರಲ್ಲಿ ಮಳೆ ಬಹಳ.

ವೀಸಾ ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅದಕ್ಕೇ ಹಾಕಬೇಕು. ಜರ್ಮನಿಯ ಮ್ಯೂನಿಕ್‌ನಲ್ಲಿ ಇಳಿದು ಎರಡು ತಾಸು ರೈಲಿನಲ್ಲಿ ಹೋದರೂ, ಉಳಿಯೋದು ಆಸ್ಟ್ರಿಯಾದಲ್ಲಿ ಅಂದರೆ ಆಸ್ಟ್ರಿಯಾಕ್ಕೇ. ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, 30,000 ಯೂರೋ ವಿಮೆ ಕಡ್ಡಾಯ. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ತಡ ಮಾಡಬೇಡಿ.

ಸ್ವರಸಂಜೆ, ಕಲಬುರಗಿ:
ಎಲ್ಲರಿಗೂ ಬಹಳ ಥ್ಯಾಂಕ್ಸ್ ರೀ. ಒಂದು ದಿನದ ಯೋಚನೆ ಬಿಟ್ಟೆ, ಶುಕ್ರವಾರದಿಂದ ಸೋಮವಾರ ತನಕ ಸಾಲ್ಜ್‌ಬರ್ಗ್. ಬೀದರ್ ಅಣ್ಣಾ, ಹೋಗುವ ಮೊದಲು ಅವ್ವನಿಗೆ ಯಾವ ಮಾಸ್ ಕೇಳಿಸಲಿ?

ಕೋಟೆ ಹಿಂದಿನ ಓಣಿ, ಬೀದರ್:
1779ರ ಕೊರೊನೇಶನ್ ಮಾಸ್. ಅದರ ಕೊನೇ ಭಾಗ ಆಗ್ನುಸ್ ಡೇಯಿ, ಒಬ್ಬಳೇ ಸೊಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿ, ಹಾಡಲು ಶುರು ಮಾಡ್ತಾಳೆ. ಮೊದಲು ಅಷ್ಟೇ ಕೇಳಿಸಿ, ಆಮೇಲೆ ಪೂರ್ತಿ.